2147483647: ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ನೀವೇ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಕಂಪ್ಯೂಟರ್ ಜೊತೆ ಒಡನಾಟ ಇರುವವರಿಗೆ 2147483647 ಹೊಸ ಮುಖವಲ್ಲ. 32 ಬಿಟ್‌ಗಳಲ್ಲಿ ಧನ, ಋಣ ಎರಡೂ ಬಗೆಯ ಪೂರ್ಣಾಂಕ ಹಿಡಿಸುವಾಗ ಸಿಗುವ ಅತಿ ದೊಡ್ಡ ಸಂಖ್ಯೆ ಇದು. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದ ಹಳೆಯ ಗಡಿಯಾರಗಳು 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಈ ಸಂಖ್ಯೆಗೆ ಬಂದು ಮುಟ್ಟುತ್ತವೆ. ಅಲ್ಲಿಂದ ಮುಂದೆ ಎಣಿಸಲು ಅವುಗಳಲ್ಲಿ ಜಾಗವಿಲ್ಲ.

ಇದು ಅವಿಭಾಜ್ಯ ಸಂಖ್ಯೆಯೂ ಹೌದು. 1 ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ಇದು ಭಾಗವಾಗುವುದಿಲ್ಲ. ಹಾಗಂತ ಎಲ್ಲ ಕಡೆ ಬರೆದಿರುತ್ತದೆ, ನಾವೂ ನಂಬುತ್ತೇವೆ. ಆದರೆ ನಂಬುವ ಅಗತ್ಯವೇ ಇಲ್ಲ. ಇನ್ನೂರ ಹದಿನಾಲ್ಕು ಕೋಟಿ ದಾಟಿದ ಈ ಸಂಖ್ಯೆಯನ್ನು ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್ ಇಟ್ಟುಕೊಂಡು ಒಂದು ಭಾನುವಾರದಲ್ಲಿ ನೀವೇ ಪರೀಕ್ಷಿಸಿ ಮುಗಿಸಬಹುದು. ಯಾವುದೋ ಒಂದು ಹತ್ತಂಕಿ ಸಂಖ್ಯೆಯಾಗಿದ್ದರೆ ಇಷ್ಟು ಸುಲಭವಾಗುತ್ತಿರಲಿಲ್ಲ. ಇದು 2³¹ − 1 ಎಂಬ ರೂಪದಲ್ಲಿದೆ. ಗುಟ್ಟೆಲ್ಲ ಅಲ್ಲೇ ಇದೆ.

ಮೊದಲು ಸಿದ್ಧತೆ

ಗುಣಾಕಾರ, ಭಾಗಾಕಾರ, ಶೇಷ ಇಷ್ಟು ಗೊತ್ತಿದ್ದರೆ ಸಾಕು. ಕ್ಯಾಲ್ಕುಲೇಟರ್ ಮಾತ್ರ ಸ್ವಲ್ಪ ನೋಡಿ ಆರಿಸಿ. 19 ಅಂಕಿಗಳವರೆಗೆ ಒಂದೂ ತಪ್ಪದಂತೆ ತೋರಿಸಬೇಕು. ಪರೀಕ್ಷೆ ಸುಲಭ: 1416317954 ಅನ್ನು ಅದರಿಂದಲೇ ಗುಣಿಸಿ. 2005956546822746116 ಎಂದು ಪೂರ್ತಿ ಬಂದರೆ ಸರಿ. ಕೊನೆಯಲ್ಲಿ ಸೊನ್ನೆಗಳ ಸಾಲು ಬಂದರೆ, ಅಥವಾ ಹತ್ತರ ಘಾತ ಹಾಕಿ ಚುಟುಕಾಗಿ ತೋರಿಸಿದರೆ, ಅದನ್ನು ಪಕ್ಕಕ್ಕಿಡಿ. ಅಂಗಡಿಯ ಲೆಕ್ಕಕ್ಕೆ ಅದು ಸಾಕು, ಇದಕ್ಕೆ ಸಾಲದು.

ಹೆಜ್ಜೆ 1: ಘಾತವನ್ನು ನೋಡಿ

2ರ ಒಂದು ಘಾತದಿಂದ 1 ಕಳೆದಾಗ ಬರುವ ಸಂಖ್ಯೆ ಅವಿಭಾಜ್ಯವಾಗಬೇಕಾದರೆ, ಆ ಘಾತವೇ ಮೊದಲು ಅವಿಭಾಜ್ಯವಾಗಿರಬೇಕು. ಉದಾಹರಣೆಗೆ 15 ಎಂದರೆ 3 × 5. ಹಾಗಾಗಿ 2¹⁵ − 1 = 32767 ಅನ್ನು 2³ − 1 = 7 ಮತ್ತು 2⁵ − 1 = 31 ಎರಡೂ ಭಾಗಿಸುತ್ತವೆ. ಬೇಕಿದ್ದರೆ ಮಾಡಿ ನೋಡಿ: 7 × 31 × 151.

ನಮ್ಮ ಘಾತ 31 ಅವಿಭಾಜ್ಯ. ಹಾಗಾಗಿ ಮುಂದೆ ಹೋಗಬಹುದು. ಆದರೆ ಇಷ್ಟಕ್ಕೇ ಗೆದ್ದಂತಲ್ಲ. 11 ಕೂಡ ಅವಿಭಾಜ್ಯ, ಆದರೂ 2¹¹ − 1 = 2047 = 23 × 89. ಇಲ್ಲೇ ಹಳೆಯ ಕಾಲದ ದೊಡ್ಡ ದೊಡ್ಡವರೂ ಎಡವಿದ್ದಾರೆ. ಇಟಲಿಯ ಕಟಾಲ್ಡಿ 1588ರಲ್ಲಿ 17 ಮತ್ತು 19ನೇ ಘಾತಗಳನ್ನು ಸರಿಯಾಗಿ ಸಾಧಿಸಿ, 23, 29, 31, 37 ಕೂಡ ಅವಿಭಾಜ್ಯ ಕೊಡುತ್ತವೆ ಎಂದುಬಿಟ್ಟರು. ಆ ನಾಲ್ಕರಲ್ಲಿ ಉಳಿದದ್ದು 31 ಒಂದೇ. ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲೂ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿದ್ದವು. ಆದರೂ ಈ ಜಾತಿಯ ಸಂಖ್ಯೆಗಳಿಗೆಲ್ಲ ಅವರದೇ ಹೆಸರು ನಿಂತಿತು: ಮರ್ಸೆನ್ ಅವಿಭಾಜ್ಯಗಳು. ನಮ್ಮದು ಆ ಸಾಲಿನಲ್ಲಿ ಎಂಟನೆಯದು.

ಹೆಜ್ಜೆ 2: ಎಲ್ಲಿಯವರೆಗೆ ಹುಡುಕಬೇಕು?

ಒಂದು ಸಂಖ್ಯೆಗೆ ಭಾಜಕಗಳಿದ್ದರೆ ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲದೊಳಗೆ ಇರಲೇಬೇಕು. ಇದು ಶಾಲೆಯಲ್ಲೇ ಕಲಿತದ್ದು. 46340ರ ವರ್ಗ 2147395600, 46341ರ ವರ್ಗ 2147488281. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಅಂದರೆ 46340ರವರೆಗೆ ಹುಡುಕಿದರೆ ಸಾಕು.

ಅಷ್ಟರೊಳಗೆ ಸುಮಾರು 4,800 ಅವಿಭಾಜ್ಯ ಸಂಖ್ಯೆಗಳಿವೆ. ಒಂದೊಂದಕ್ಕೂ ಒಂದು ನಿಮಿಷ ಅಂದರೂ 80 ಗಂಟೆ. ಯಾರಿಗೆ ಬೇಕು ಅದು?

ಹೆಜ್ಜೆ 3: ಜರಡಿ ಹಿಡಿಯಿರಿ

ಈ ಹೆಜ್ಜೆಯಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಡೀ ಲೆಕ್ಕದ ಸೊಗಸು ಇಲ್ಲಿದೆ.

ಯಾವುದೋ ಒಂದು ಅವಿಭಾಜ್ಯ ಸಂಖ್ಯೆ ನಮ್ಮ 2³¹ − 1 ಅನ್ನು ಭಾಗಿಸುತ್ತದೆ ಎಂದುಕೊಳ್ಳಿ. ಅದನ್ನು ಕಳ್ಳ ಎಂದು ಕರೆಯೋಣ. 2, 4, 8, 16 ಎಂದು 2ರ ಘಾತಗಳನ್ನು ಬರೆಯುತ್ತಾ, ಪ್ರತಿಯೊಂದನ್ನೂ ಕಳ್ಳನಿಂದ ಭಾಗಿಸಿ ಶೇಷ ನೋಡುತ್ತಾ ಹೋಗಿ. 31ನೇ ಸಲ ಶೇಷ 1 ಬರುತ್ತದೆ, ಯಾಕಂದ್ರೆ 2³¹ − 1 ಪೂರ್ತಿ ಭಾಗವಾಗುತ್ತದೆ. ಅಲ್ಲಿಂದ ಅದೇ ಸುತ್ತು ಮತ್ತೆ ಶುರು. ಸುತ್ತಿನ ಉದ್ದ 31ಕ್ಕಿಂತ ಕಡಿಮೆ ಇರಬಹುದಾ? ಇದ್ದರೆ ಅದು 31 ಅನ್ನು ಭಾಗಿಸಬೇಕು. 31 ಅವಿಭಾಜ್ಯವಾದ್ದರಿಂದ ಉಳಿಯುವುದು 1 ಮಾತ್ರ, ಅದು ಸಾಧ್ಯವಿಲ್ಲ. ಹಾಗಾಗಿ ಸುತ್ತು ಸರಿಯಾಗಿ 31.

ಇನ್ನೊಂದು ಕಡೆಯಿಂದ ಫರ್ಮಾನ ಪ್ರಮೇಯ ಇದೆ: ಬೆಸ ಅವಿಭಾಜ್ಯ ಯಾವುದೇ ಆಗಲಿ, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2 ಅನ್ನು ಏರಿಸಿದರೆ ಶೇಷ 1. ಅಂದರೆ ಕಳ್ಳನಿಂದ 1 ಕಳೆದರೆ ಬರುವ ಸಂಖ್ಯೆ 31ರ ಗುಣಕ. ಅದು ಸಮಸಂಖ್ಯೆಯೂ ಆಗಿರಬೇಕು. ಹಾಗಾಗಿ ಅದು 62ರ ಗುಣಕ. ಕಳ್ಳನ ರೂಪ ಸಿಕ್ಕಿತು: 62ರ ಗುಣಕಕ್ಕೆ 1 ಕೂಡಿಸಿದ್ದು.

2047ರಲ್ಲಿ ಇದು ನಿಜವಾ ನೋಡಿ. ಅಲ್ಲಿ ಘಾತ 11, ಹಾಗಾಗಿ ಭಾಜಕಗಳು 22ರ ಗುಣಕಕ್ಕೆ 1 ಕೂಡಿಸಿದವು ಆಗಿರಬೇಕು. 23 = 22 + 1. 89 = 88 + 1. ಸರಿಯಾಗಿದೆ ಅಲ್ವಾ?

ಎರಡನೇ ಜರಡಿ ಇನ್ನೂ ಸಣ್ಣ ಕಣ್ಣಿನದು. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎಂದರೆ 65536ರ ವರ್ಗ. ಅಂದರೆ ಕಳ್ಳನ ಲೋಕದಲ್ಲಿ 2 ಒಂದು ವರ್ಗಸಂಖ್ಯೆ. ಹಾಗೆ 2 ವರ್ಗವಾಗುವುದು 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಕೊಡುವ ಅವಿಭಾಜ್ಯಗಳಲ್ಲಿ ಮಾತ್ರ. (ಈ 65536 ಅನ್ನು ನೆನಪಿಡಿ. ಮುಂದೆ ಮತ್ತೆ ಬರುತ್ತದೆ.)

ಎರಡೂ ಜರಡಿ ಸೇರಿಸಿದರೆ ಕಳ್ಳ ಎರಡೇ ಜಾತಿಯವನು: 248ರ ಗುಣಕ + 1, ಅಥವಾ 248ರ ಗುಣಕ + 63. 46340ರೊಳಗೆ ಮೊದಲ ಜಾತಿಯವು 186, ಎರಡನೆಯವು 187. ಅದರಲ್ಲಿ 63 ಅವಿಭಾಜ್ಯವಲ್ಲ ಎಂದು ಯಾರಿಗಾದರೂ ಗೊತ್ತು. ಉಳಿದದ್ದು 372.

ಈ 372ರಲ್ಲೂ 249, 497, 559 ಇಂಥವು ತಾವೇ ಭಾಜ್ಯ ಸಂಖ್ಯೆಗಳು. ಅವನ್ನು ಹೊಡೆದುಹಾಕಿ. ಮೊದಲು ಉಳಿಯುವವು 311, 1303, 1489, 2543. (ನಡುವೆ 2047 ಕೂಡ ತಲೆ ಹಾಕುತ್ತದೆ. ಅದು 23 × 89 ಎಂದು ಈಗಾಗಲೇ ಗೊತ್ತು, ಕಳಿಸಿಬಿಡಿ.) ಕೊನೆಗೆ ಪಟ್ಟಿಯಲ್ಲಿ ಎಂಬತ್ತು ಚಿಲ್ಲರೆ ಹೆಸರು ಮಾತ್ರ. 4,800ರಿಂದ ಎಂಬತ್ತಕ್ಕೆ ಬಂದೆವು.

ಹೆಜ್ಜೆ 4: ಒಬ್ಬೊಬ್ಬರನ್ನೇ ವಿಚಾರಿಸಿ

ನೇರವಾಗಿ 2147483647 ÷ 311 ಎಂದು ಭಾಗಿಸಬಹುದು. ಆದರೆ ಇನ್ನೊಂದು ದಾರಿ ಇದೆ, ಅದರಲ್ಲಿ ದೊಡ್ಡ ಸಂಖ್ಯೆಯನ್ನು ಮುಟ್ಟುವುದೇ ಇಲ್ಲ. ವರ್ಗ ಮಾಡಿ, ದುಪ್ಪಟ್ಟು ಮಾಡಿ, ಶೇಷ ತೆಗೆಯಿರಿ. ಹಾಗೆ ಮಾಡಿದಾಗ 2ರ ಘಾತ 1ರಿಂದ 3ಕ್ಕೆ, 7ಕ್ಕೆ, 15ಕ್ಕೆ, 31ಕ್ಕೆ ಜಿಗಿಯುತ್ತದೆ. ನಾಲ್ಕೇ ಜಿಗಿತ.

311ಕ್ಕೆ ಮಾಡೋಣ. 2 → 8 → 128. ಮುಂದಿನದು 2 × 128² = 32768, ಇದನ್ನು 311ರಿಂದ ಭಾಗಿಸಿದರೆ ಶೇಷ 113. ಮುಂದಿನದು 2 × 113² = 25538, ಶೇಷ 36. ಶೇಷ 1 ಬಂದಿದ್ದರೆ 311 ಕಳ್ಳ. 36 ಬಂದಿದೆ, ಹಾಗಾಗಿ 311 ನಿರಪರಾಧಿ. 1303ಕ್ಕೆ ಮಾಡಿದರೆ 193, ಆಮೇಲೆ 227. ಅದೂ ಅಲ್ಲ.

ಈ ವಿಧಾನ ನಿಜವಾದ ಕಳ್ಳನನ್ನು ಹಿಡಿಯುತ್ತದಾ ಎಂಬ ಅನುಮಾನ ನನಗೂ ಇತ್ತು. ಹಾಗಾಗಿ ಗೊತ್ತಿರುವ ಪ್ರಕರಣದಲ್ಲಿ ಪರೀಕ್ಷಿಸಿ. 2²⁹ − 1 ಅನ್ನು 233 ಭಾಗಿಸುತ್ತದೆ. 233ರ ಶೇಷಗಳಲ್ಲಿ 2⁷ = 128. ಅದರ ವರ್ಗ 16384, ಶೇಷ 74, ಇದು 2¹⁴. ವರ್ಗ ಮಾಡಿ ದುಪ್ಪಟ್ಟು ಮಾಡಿದರೆ 10952, ಇದು 2²⁹. 233 × 47 = 10951. ಶೇಷ ಸರಿಯಾಗಿ 1. ಸಿಕ್ಕಿಬಿದ್ದ.

ಪಟ್ಟಿಯ ಎಂಬತ್ತು ಚಿಲ್ಲರೆ ಅವಿಭಾಜ್ಯಗಳಲ್ಲಿ ಒಂದಕ್ಕೂ 1 ಬರದಿದ್ದರೆ ಕೆಲಸ ಮುಗಿಯಿತು: 2147483647 ಅವಿಭಾಜ್ಯ.

ಈ ಜರಡಿಯನ್ನೇ ಹಿಡಿದು 1772ರಲ್ಲಿ ಇದನ್ನು ಸಾಧಿಸಿದವರು ಲಿಯೊನಾರ್ಡ್ ಆಯ್ಲರ್. ಬರ್ನೂಲಿ ಮನೆತನದ ಗಣಿತಜ್ಞರೊಬ್ಬರಿಗೆ ಬರೆದ ಪತ್ರದಲ್ಲಿ ಇದನ್ನು ತಿಳಿಸಿದರು. ಆಗ ಅವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು. ವಯಸ್ಸು 65ರ ಆಸುಪಾಸು, ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಕ್ಯಾಲ್ಕುಲೇಟರ್ ಹಿಡಿದು ಕೂತ ನಮಗೆ ಬೇಜಾರಾದಾಗ ಇದನ್ನು ನೆನೆಯಬಹುದು.

ಹೆಜ್ಜೆ 5: ಎರಡನೇ ಸಾಕ್ಷಿ

ಪಟ್ಟಿಯಲ್ಲಿ ಒಂದು ಹೆಸರು ತಪ್ಪಿಹೋಗಿದ್ದರೆ? ಆ ಭಯಕ್ಕೆ ಮದ್ದು ಇನ್ನೊಂದು ವಿಧಾನ. ಇದರಲ್ಲಿ ಭಾಜಕಗಳನ್ನು ಹುಡುಕುವುದೇ ಇಲ್ಲ. ಫ್ರಾನ್ಸಿನ ಲೂಕಾಸ್ 1870ರ ದಶಕದಲ್ಲಿ ಕಂಡುಕೊಂಡದ್ದು, ಅಮೆರಿಕದ ಲೆಹ್ಮರ್ 1930ರ ಹೊತ್ತಿಗೆ ಚೊಕ್ಕ ಮಾಡಿದ್ದು. ಹೆಸರು ಲೂಕಾಸ್–ಲೆಹ್ಮರ್ ಪರೀಕ್ಷೆ.

ವಿಧಾನ ಇಷ್ಟೇ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ 0 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ.

ಮೊದಲು ಸಣ್ಣದರಲ್ಲಿ ಕೈ ಪಳಗಿಸಿ. 127 ಎಂದರೆ 2⁷ − 1, ಹಾಗಾಗಿ ಐದು ಸಲ: 4, 14, 67, 42, 111, 0. ಅವಿಭಾಜ್ಯ. 2047ಕ್ಕೆ ಒಂಬತ್ತು ಸಲ: 4, 14, 194, 788, 701, 119, 1877, 240, 282, 1736. ಸೊನ್ನೆ ಇಲ್ಲ, ಫೇಲ್.

ನಮ್ಮ ಸಂಖ್ಯೆಗೆ 29 ಸಲ ಮಾಡಬೇಕು. ಮೊದಲ ಕೆಲವು ಸುಲಭ: 4, 14, 194, 37634, 1416317954. ಇಲ್ಲಿಂದ ಮುಂದೆ ಶೇಷ ತೆಗೆಯುವ ಕೆಲಸ ಶುರು, ಅದಕ್ಕೂ ಒಂದು ಅಡ್ಡದಾರಿ ಇದೆ. 9ರಿಂದ ಭಾಗಿಸಿದರೆ ಬರುವ ಶೇಷ ಬೇಕಾದಾಗ ಅಂಕಿಗಳನ್ನು ಕೂಡಿಬಿಡುತ್ತೇವೆ. 10 ಎಂದರೆ 9 + 1, ಅದಕ್ಕೇ ಅದು ನಡೆಯುತ್ತದೆ. ಇಲ್ಲೂ ಅದೇ ಕಥೆ: 2³¹ ಎಂದರೆ ನಮ್ಮ ಸಂಖ್ಯೆ + 1.

ಹೀಗೆ ಮಾಡಿ. 1416317954ರ ವರ್ಗದಿಂದ 2 ಕಳೆದರೆ 2005956546822746114. ಇದನ್ನು 2147483648ರಿಂದ ಭಾಗಿಸಿ (ಕೊನೆಯ ಅಂಕಿ 8, ಗಮನಿಸಿ). ಭಾಗಲಬ್ಧ 934096307, ಶೇಷ 1883058178. ಎರಡನ್ನೂ ಕೂಡಿ: 2817154485. ನಮ್ಮ ಸಂಖ್ಯೆಗಿಂತ ಜಾಸ್ತಿ ಆಯಿತು, ಹಾಗಾಗಿ ಒಮ್ಮೆ 2147483647 ಕಳೆಯಿರಿ: 669670838. ಇದೇ ಮುಂದಿನ ಪದ. ಅದರ ನಂತರದ್ದು 1937259419 ಬರಬೇಕು. ಬಂದರೆ ದಾರಿ ಸರಿಯಾಗಿದೆ ಎಂದರ್ಥ, ಉಳಿದದ್ದನ್ನು ನೀವೇ ಮಾಡಿ. ಕಂಪ್ಯೂಟರ್‌ಗೆ ಈ ಅಡ್ಡದಾರಿ ಇನ್ನೂ ಸಲೀಸು. ದ್ವಿಮಾನದಲ್ಲಿ ನಮ್ಮ ಸಂಖ್ಯೆ ಎಂದರೆ ಮೂವತ್ತೊಂದು 1ಗಳ ಸಾಲು. ಭಾಗಾಕಾರವೇ ಬೇಡ, ಸಂಖ್ಯೆಯನ್ನು 31ನೇ ಬಿಟ್‌ನಲ್ಲಿ ಕತ್ತರಿಸಿ ಎರಡು ತುಂಡನ್ನು ಕೂಡಿದರೆ ಆಯಿತು.

ಕೊನೆಯ ಪದ 0 ಆಗಬೇಕಾದರೆ ಅದರ ಹಿಂದಿನ ಪದದ ವರ್ಗ 2 ಆಗಬೇಕು. ವರ್ಗ ಮಾಡಿದರೆ 2 ಕೊಡುವ ಸಂಖ್ಯೆ ಯಾವುದು? ಆಗಲೇ ನೋಡಿದ್ದೇವೆ: 65536. ಅಥವಾ ಅದರ ಋಣರೂಪ, ಅಂದರೆ 2147418111. ಇಪ್ಪತ್ತೆಂಟನೇ ಸಲಕ್ಕೆ ಇವೆರಡರಲ್ಲಿ ಒಂದು ಬರಲೇಬೇಕು. ಯಾವುದು ಎಂದು ನಾನು ಹೇಳುವುದಿಲ್ಲ, ಮಜಾ ಹೋಗುತ್ತದೆ. ಸಣ್ಣ ಉದಾಹರಣೆಯಲ್ಲೂ ಇದು ಕಾಣುತ್ತದೆ: 127ರಲ್ಲಿ ಸೊನ್ನೆಗಿಂತ ಮುಂಚೆ ಬಂದ 111 ಎಂದರೆ 127 − 16.

ನಾನು ಮೊದಲ ಸಲ ಕೂತಾಗ ಎಲ್ಲೋ ನಡುವೆ ಎರಡು ಅಂಕಿ ಅದಲುಬದಲು ಬರೆದುಕೊಂಡಿದ್ದೆ. ಕೊನೆಗೆ ಏನೇನೋ ಬಂತು. ಈ ಪರೀಕ್ಷೆಯ ಕೆಟ್ಟ ಗುಣ ಅದೇ, ಒಂದು ತಪ್ಪಾದರೆ ಮುಂದಿನದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆಮೇಲಿಂದ ಪ್ರತಿ ವರ್ಗದ ಲೆಕ್ಕವನ್ನೂ 9ರ ಶೇಷದಿಂದ ತಾಳೆ ನೋಡುವ ಅಭ್ಯಾಸ ಮಾಡಿಕೊಂಡೆ. ಅಂಕಿ ಅದಲುಬದಲನ್ನು ಮಾತ್ರ 9ರ ತಾಳೆ ಹಿಡಿಯುವುದಿಲ್ಲ, ಕೂಡಿದರೆ ಮೊತ್ತ ಅದೇ ಬರುತ್ತದಲ್ಲ. ಅದಕ್ಕೆ 11ರ ಶೇಷವನ್ನೂ ನೋಡಿ.

ವರ್ಗ ಮಾಡಿ 2 ಕಳೆಯುವ ಈ ವಿಚಿತ್ರ ನಿಯಮ ಎಲ್ಲಿಂದ ಬಂತು? ಇದರ ಬೇರು ನಮಗೆ ಹತ್ತಿರದ್ದೇ. ಬ್ರಹ್ಮಗುಪ್ತ 628ರಲ್ಲಿ ವರ್ಗಪ್ರಕೃತಿಯ ಸಮೀಕರಣಗಳಿಗೆ ಒಂದು ಉಪಾಯ ಕೊಟ್ಟರು, ಹೆಸರು ಭಾವನಾ. ಒಂದು ಉತ್ತರ ಗೊತ್ತಿದ್ದರೆ ಅದನ್ನು ಅದರ ಜೊತೆಗೇ ಜೋಡಿಸಿ ಹೊಸ ಉತ್ತರ ಪಡೆಯಬಹುದು. ಒಂದು ವರ್ಗದಿಂದ ಇನ್ನೊಂದು ವರ್ಗದ ಮೂರರಷ್ಟನ್ನು ಕಳೆದರೆ 1 ಉಳಿಯಬೇಕು ಎಂಬ ಸಮೀಕರಣ ತೆಗೆದುಕೊಳ್ಳಿ. 2 ಮತ್ತು 1 ಒಂದು ಉತ್ತರ: 4 − 3 = 1. ಭಾವನಾ ಹಾಕಿದರೆ 7 ಮತ್ತು 4: 49 − 48. ಮತ್ತೆ ಹಾಕಿದರೆ 97 ಮತ್ತು 56. ಮತ್ತೆ ಹಾಕಿದರೆ 18817 ಮತ್ತು 10864. ಈಗ ಮೊದಲನೇ ಸಂಖ್ಯೆಗಳನ್ನು ದುಪ್ಪಟ್ಟು ಮಾಡಿ: 4, 14, 194, 37634. ನೋಡಿದಿರಾ? ಪರೀಕ್ಷೆ ಲೂಕಾಸ್ ಮತ್ತು ಲೆಹ್ಮರ್ ಅವರದೇ, ಅದರಲ್ಲಿ ಸಂಶಯವಿಲ್ಲ. ಆದರೆ ಅದರ ಗಾಲಿ ಉರುಳುವುದು ಆ ಹಳೆಯ ಉಪಾಯದಿಂದ.

ಒಂದು ಎಚ್ಚರಿಕೆ. ಫರ್ಮಾನ ಪ್ರಮೇಯವನ್ನೇ ಪರೀಕ್ಷೆಯಾಗಿ ಬಳಸೋಣ, 2 ಅನ್ನು ದೊಡ್ಡ ಘಾತಕ್ಕೇರಿಸಿ ಶೇಷ 1 ಬರುತ್ತದಾ ನೋಡೋಣ ಎಂದು ಕೆಲವರು ಹೊರಡುತ್ತಾರೆ. ಮರ್ಸೆನ್ ರೂಪದ ಸಂಖ್ಯೆಗಳಿಗೆ ಇದನ್ನು 2ರಿಂದ ಮಾಡಲೇಬೇಡಿ. 2047 ಭಾಜ್ಯವಾಗಿದ್ದರೂ ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ. 2¹¹ರ ಶೇಷ 1, ಮತ್ತು 2046 ಎಂಬುದು 11ರ ಗುಣಕ. ಇನ್ನೇನು ಬೇಕು? 3ರಿಂದ ಮಾಡಿದರೆ ಪರವಾಗಿಲ್ಲ.

ಹೆಜ್ಜೆ 6: ಸಾಧಿಸಿದ ಮೇಲೆ ಏನೇನು ಸಿಗುತ್ತದೆ

ನೆರೆಹೊರೆ ಬೇಗ ಮುಗಿಸೋಣ. ಎರಡು ಕಡಿಮೆ ಇರುವ 2147483645 ಐದರಿಂದ ಭಾಗವಾಗುತ್ತದೆ, ಎರಡು ಹೆಚ್ಚಿರುವ 2147483649 ಮೂರರಿಂದ. ಹಾಗಾಗಿ ಅವಳಿ ಇಲ್ಲ. ಹಿಂದಿನ ಅವಿಭಾಜ್ಯ 2147483629. ಅವಿಭಾಜ್ಯಗಳ ಸಾಲಿನಲ್ಲಿ ನಮ್ಮದರ ಸ್ಥಾನ 10,50,97,565. ಸಂಖ್ಯೆಯನ್ನು ಅದರ ಸ್ವಾಭಾವಿಕ ಲಾಗರಿದಮ್, ಅಂದರೆ ಸುಮಾರು 21.49ರಿಂದ ಭಾಗಿಸಿದರೆ 9 ಕೋಟಿ 99 ಲಕ್ಷದ ಹತ್ತಿರ ಬರುತ್ತದೆ. ಅಂದಾಜು ಕೆಟ್ಟದ್ದೇನಲ್ಲ.

ಪ್ರತಿ ಮರ್ಸೆನ್ ಅವಿಭಾಜ್ಯಕ್ಕೂ ಒಂದು ಪರಿಪೂರ್ಣ ಸಂಖ್ಯೆ ಜೋಡಿ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವ ಸಂಖ್ಯೆ ಅದು. 6 = 1 + 2 + 3 ಇದ್ದ ಹಾಗೆ. ಯೂಕ್ಲಿಡ್ ಹೇಳಿದ ದಾರಿಯಲ್ಲಿ 2³⁰ × 2147483647 ಮಾಡಿ: 2305843008139952128. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಇದನ್ನು ನೋಡಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಇನ್ನು ಸಿಗಲಿಕ್ಕಿಲ್ಲ ಎಂದರು. ಇಂಥವು ಬರೀ ಕುತೂಹಲದ ವಸ್ತು, ಉಪಯೋಗವಿಲ್ಲ, ಹಾಗಾಗಿ ಯಾರೂ ಹುಡುಕುವುದಿಲ್ಲ ಎಂಬುದು ಅವರ ವಾದ. 1876ರಲ್ಲಿ ಲೂಕಾಸ್ 39 ಅಂಕಿಗಳ 2¹²⁷ − 1 ಅವಿಭಾಜ್ಯ ಎಂದು ತೋರಿಸಿಬಿಟ್ಟರು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2ರ 136279841ನೇ ಘಾತ − 1 ಎಂಬ ಮರ್ಸೆನ್ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ. ಜನರಿಗೆ ಕೆಲಸವಿಲ್ಲವೇ ಅಂದರೆ, ಇಲ್ಲ.

ಉಪಯೋಗವಿಲ್ಲ ಎಂಬ ಮಾತೂ ಸುಳ್ಳಾಯಿತು. ಕಂಪ್ಯೂಟರ್‌ನಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಒಂದು ಹಳೆಯ, ಸರಳ ವಿಧಾನ ನಿಂತಿರುವುದೇ 2147483647ರ ಮೇಲೆ. 1ರಿಂದ ಶುರು ಮಾಡಿ 16807ರಿಂದ ಗುಣಿಸಿ ಶೇಷ ತೆಗೆಯುತ್ತಾ ಹೋಗಿ: 16807, 282475249, 1622650073 ಹೀಗೆ. 10,000ನೇ ಸಲಕ್ಕೆ 1043618065 ಬರಬೇಕು. ಪ್ರೋಗ್ರಾಂ ಬರೆದವರು ಸರಿಯಾಗಿದೆಯಾ ಎಂದು ನೋಡುವುದು ಈ ಸಂಖ್ಯೆಯಿಂದಲೇ.

16807 ಯಾಕೆ? ಅದು 7ರ ಐದನೇ ಘಾತ. ನಮ್ಮ ಅವಿಭಾಜ್ಯಕ್ಕೆ 7 ಒಂದು ಮೂಲಘಾತಕ. ಅಂದರೆ 7ರ ಘಾತಗಳ ಶೇಷಗಳು 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಒಂದೊಂದು ಸಲ ಮುಟ್ಟಿ ಬಂದ ಮೇಲೇ ಸುತ್ತು ಮುಗಿಯುತ್ತದೆ. ಇದನ್ನು ಪರೀಕ್ಷಿಸುವುದು ಹೀಗೆ: 2147483646 ಅನ್ನು ಅಪವರ್ತಿಸಿ. ಅದು 2 × 3² × 7 × 11 × 31 × 151 × 331. ಈ ಏಳು ಅವಿಭಾಜ್ಯಗಳಲ್ಲಿ ಒಂದೊಂದರಿಂದಲೂ 2147483646 ಅನ್ನು ಭಾಗಿಸಿ, ಬಂದ ಘಾತಕ್ಕೆ 7 ಅನ್ನು ಏರಿಸಿ. ಏಳರಲ್ಲಿ ಒಂದಕ್ಕೂ ಶೇಷ 1 ಬರಬಾರದು. ಆ ಪಟ್ಟಿಯಲ್ಲಿ 5 ಇಲ್ಲ, ಅದಕ್ಕೇ ಐದನೇ ಘಾತ ತೆಗೆದುಕೊಂಡರೂ ಸುತ್ತು ತುಂಡಾಗುವುದಿಲ್ಲ. 2 ಮಾತ್ರ ಈ ಕೆಲಸಕ್ಕೆ ಬಾರದು. ಅದರ ಸುತ್ತು ಬರೀ 31. ಪಾಸ್‌ವರ್ಡ್, ಗುಪ್ತಲಿಪಿಗಳಿಗೆ ಇಡೀ ವಿಧಾನವನ್ನೇ ಬಳಸಬೇಡಿ, ಒಂದು ಸಂಖ್ಯೆ ಕಂಡವನಿಗೆ ಮುಂದಿನದೆಲ್ಲ ಗೊತ್ತಾಗಿಬಿಡುತ್ತದೆ.

ಇನ್ನೂ ಹಸಿವಿದ್ದರೆ

31 ತಾನೇ 2⁵ − 1. ಅದನ್ನು ಘಾತ ಮಾಡಿದಾಗ 2147483647 ಅವಿಭಾಜ್ಯ ಸಿಕ್ಕಿತು. ಹಾಗಾದರೆ 2147483647 ಅನ್ನೇ ಘಾತ ಮಾಡಿ 1 ಕಳೆದರೆ? ಆ ಸಂಖ್ಯೆಗೆ ಅರವತ್ತನಾಲ್ಕು ಕೋಟಿಗೂ ಹೆಚ್ಚು ಅಂಕಿಗಳು, ಬರೆಯುವ ಮಾತೇ ಇಲ್ಲ. ಆದರೂ ಅದು ಅವಿಭಾಜ್ಯವಲ್ಲ ಎಂದು ನೀವೇ ತೋರಿಸಬಹುದು. ಅದರ ಒಂದು ಭಾಜಕ 295257526626031. ಮೂರನೇ ಹೆಜ್ಜೆಯ ಜರಡಿಗೆ ಹಾಕಿ ನೋಡಿ: 2 × 68745 × 2147483647 + 1. ಅದೇ ರೂಪ. 8ರಿಂದ ಭಾಗಿಸಿದರೆ ಶೇಷ 7. ಅದೂ ಸರಿ.

ಇನ್ನು ವಿಚಾರಣೆ. ಈ ಸಲ ಕ್ಯಾಲ್ಕುಲೇಟರ್ 30 ಅಂಕಿ ತೋರಿಸಬೇಕು. 2ರಿಂದ ಹೊರಡಿ. 4, 16, 256, 65536, 4294967296. ಮುಂದಿನ ವರ್ಗದಿಂದ 295257526626031ರ ಶೇಷ ತೆಗೆಯುತ್ತಾ ಹೋಗಿ. ಒಟ್ಟು 31 ಸಲ ವರ್ಗ ಮಾಡಿದ ಮೇಲೆ ಮತ್ತೆ 2ಕ್ಕೇ ಬಂದು ನಿಲ್ಲುತ್ತೀರಿ.